ಬಿಪಿಎಲ್ ಕಾರ್ಡು ಜೀವ ಉಳಿಸಿತು ಅಂತ ಸಂಶೋಧಕರು ನಮ್ಮ ಕಡೆ ನೋಡಿಯೇ ಬರೆದರು. ಆಗಿನ ಆರೋಗ್ಯ ಶಿಬಿರಗಳು ಈಗ ಎಲ್ಲಿ?

ಎಡದಂಡೆ_ಕಾರಟಗಿ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಓದಿ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾಗಿದ್ದು ನಮ್ಮ ಗುಲ್ಬರ್ಗ ವಿಭಾಗದಲ್ಲಿ. ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲಾ ಅದರಲ್ಲೇ ಇದ್ದವು. ಆಮೇಲೆ ಬೆಳಗಾವಿ ವಿಭಾಗಕ್ಕೆ ಬಂತು. ಬೆಂಗಳೂರು, ಮೈಸೂರು ಕಡೆಗೆ ಹೋಗುವಷ್ಟರಲ್ಲಿ 2012 ಆಗಿತ್ತು. ಎಲ್ಲವೂ ನಮಗೆ ಕೊನೆಗೇ ಬರುವುದು ವಾಡಿಕೆ. ಇದೊಂದು ಮೊದಲು ಬಂದಿತ್ತು. ಬಿಪಿಎಲ್ ಕಾರ್ಡು ಇದ್ದರೆ ಸಾಕು, ಬೇರೆ ನೋಂದಣಿ ಇಲ್ಲ, ಕಂತು ಕಟ್ಟೋದಿಲ್ಲ. ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟ ಗಾಯ, ದೊಡ್ಡ ಅಪಘಾತ, ಇಂಥ ಮನೆ ಮುಳುಗಿಸುವ ಖರ್ಚಿಗೆ ಕುಟುಂಬಕ್ಕೆ ವರ್ಷಕ್ಕೆ 1.5 ಲಕ್ಷ, ಸಾಲದಿದ್ದರೆ ಇನ್ನೂ 50 ಸಾವಿರ.

ಅರ್ಧ ರಾಜ್ಯಕ್ಕೆ ಯೋಜನೆ ಇದೆ, ಅರ್ಧಕ್ಕೆ ಇಲ್ಲ. ಈ ಗೆರೆಯನ್ನೇ ಹಿಡಿದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೀರಜ್ ಸೂದ್ ಮತ್ತು ಜೊತೆಗಾರರು ಒಂದು ಅಧ್ಯಯನ ಮಾಡಿದರು. ಯೋಜನೆ ಬಂದಿದ್ದ 300 ಹಳ್ಳಿ, ಬಾರದ 272 ಹಳ್ಳಿ, ಒಟ್ಟು 60 ಸಾವಿರ ಮನೆ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಯೋಜನೆ ಇದ್ದ ಕಡೆಯ ಬಿಪಿಎಲ್ ಮನೆಗಳಲ್ಲಿ ಈ ಕಾಯಿಲೆಗಳಿಂದ ಸತ್ತವರು ಶೇ 0.32. ಇಲ್ಲದ ಕಡೆ ಶೇ 0.90. ಅಂದರೆ ಶೇ 64ರಷ್ಟು ಕಡಿಮೆ. ಆಸ್ಪತ್ರೆಗೆ ಜೇಬಿಂದ ಕಟ್ಟುವ ದುಡ್ಡೂ ಇಳಿದಿತ್ತು.

ಈಗ ಬನ್ನಿ ಇವತ್ತಿನ ಮಾತಿಗೆ. 2018ರಿಂದ ಹಳೇ ಯೋಜನೆಗಳೆಲ್ಲ ಸೇರಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಆಯಿತು. 1.5 ಲಕ್ಷ ಹೋಗಿ 5 ಲಕ್ಷ ಆಯಿತು. ಚಿಕಿತ್ಸೆಗಳ ಪಟ್ಟಿ 1,650ಕ್ಕೆ ಬೆಳೆಯಿತು. ಕಾಗದದ ಮೇಲೆ ಎಲ್ಲವೂ ಜಾಸ್ತಿ. ಆದರೆ ಆಗ ದೊಡ್ಡ ಆಸ್ಪತ್ರೆಯವರೇ ಹಳ್ಳಿಗೆ ಬಂದು ಶಿಬಿರ ಮಾಡಿ ರೋಗಿಗಳನ್ನು ಹುಡುಕುತ್ತಿದ್ದರು. ಈಗ ರೋಗಿಯೇ ಚೀಟಿ ಹಿಡಿದು ಅಲೆಯಬೇಕು. ನನ್ನ ಅನುಮಾನ ಇಷ್ಟೇ: ಜೀವ ಉಳಿಸಿದ್ದು ಕಾರ್ಡಿನ ಮೊತ್ತವೋ, ಊರ ಬಾಗಿಲಿಗೆ ಬಂದ ಆ ಶಿಬಿರವೋ? ಗೊತ್ತಿದ್ದವರು ಹೇಳಿ.

ಸಂಡೂರು_ಕೆಮ್ಮಣ್ಣು:
ಅಣ್ಣಾ, 64 ಪರ್ಸೆಂಟ್ ಅಂದ ತಕ್ಷಣ ನನಗೆ ನಂಬಿಕೆ ಬರಲ್ಲ. ಯಾವ ಮಾತ್ರೆ, ಯಾವ ಆಪರೇಷನ್ ಇಷ್ಟು ಸಾವು ಇಳಿಸುತ್ತೆ ಹೇಳಿ? ಸತ್ತವರ ಮನೆಗೆ ಹೋಗಿ "ಏನಾಗಿತ್ತು" ಅಂತ ಕೇಳಿ ಕಾರಣ ಬರೆದುಕೊಂಡಿದ್ದು. ನಮ್ಮಲ್ಲಿ ಎಲ್ಲಾ ಸಾವಿಗೂ "ಎದೆ ಹಿಡ್ಕೊಂತು, ಹೋದ" ಅಂತಾನೇ ಹೇಳೋದು. ಇನ್ನೊಂದು, ಆ ತಂಡದಲ್ಲಿ ವಿಶ್ವ ಬ್ಯಾಂಕಿನವರೂ ಇದ್ದರು. ಆಗ ರಾಜ್ಯದ ಆರೋಗ್ಯ ಕೆಲಸಕ್ಕೆ ಸಾಲ ಕೊಟ್ಟವರೂ ಅವರೇ. ತಮ್ಮ ಅಡುಗೆ ತಾವೇ ಹೊಗಳಿಕೊಂಡಂಗೆ.

ಲೆಕ್ಕದಮೇಷ್ಟ್ರು_ಕುಷ್ಟಗಿ:
ಸಂಡೂರಿನವರ ಅನುಮಾನ ಸರಿಯಾಗಿದೆ, ಆದರೆ ಅದಕ್ಕೆ ಆ ಲೇಖನದೊಳಗೇ ಒಂದು ಉತ್ತರ ಇದೆ. ನನಗೆ ತುಂಬಾ ಇಷ್ಟವಾದ ಭಾಗ ಅದು, ಅದಕ್ಕೇ ಬಿಡಿಸಿ ಹೇಳ್ತೀನಿ.

ಅವರು ಬಿಪಿಎಲ್ ಮನೆಗಳನ್ನು ಮಾತ್ರ ಕೇಳಲಿಲ್ಲ. ಅದೇ ಹಳ್ಳಿಗಳ ಎಪಿಎಲ್ ಮನೆಗಳನ್ನೂ ಕೇಳಿದರು. ಎಪಿಎಲ್‌ನವರಿಗೆ ಗೆರೆಯ ಈಚೆಯೂ ಯೋಜನೆ ಇಲ್ಲ, ಆಚೆಯೂ ಇಲ್ಲ. ಈಗ ಯೋಚಿಸಿ. ಈಚೆ ಕಡೆ ರಸ್ತೆ ಚೆನ್ನಾಗಿತ್ತು, ಡಾಕ್ಟರು ಜಾಸ್ತಿ ಇದ್ದರು, ಇಲ್ಲಾ ಜನ ಸಾವಿನ ಕಾರಣ ಬೇರೆ ತರ ಹೇಳಿದರು ಅಂತಿಟ್ಟುಕೊಳ್ಳೋಣ. ಹಾಗಿದ್ದರೆ ಎಪಿಎಲ್ ಮನೆಗಳಲ್ಲೂ ಅದೇ ವ್ಯತ್ಯಾಸ ಕಾಣಬೇಕಿತ್ತು, ಅಲ್ವಾ? ಕಾಣಲಿಲ್ಲ. ಒಂದು ಕಡೆ ಶೇ 0.56, ಇನ್ನೊಂದು ಕಡೆ ಶೇ 0.55. ಪಕ್ಕದ ಮನೆ, ಅದೇ ನೀರು, ಅದೇ ಬಸ್ಸು, ಅದೇ ಪಿಎಚ್‌ಸಿ. ಬೇರೆ ಇದ್ದದ್ದು ಕಾರ್ಡಿನ ಬಣ್ಣ ಮಾತ್ರ.

ಹಾಗಂತ ಎಲ್ಲವೂ ಗಟ್ಟಿ ಅಲ್ಲ. ಯೋಜನೆಯಿಂದ ಆಸ್ಪತ್ರೆ ಬಳಕೆ ಹೆಚ್ಚಾಯಿತಾ ಅಂತಲೂ ನೋಡಿದ್ದಾರೆ. ಸುಮಾರು ಶೇ 44 ಹೆಚ್ಚಿದಂತೆ ಕಂಡಿತು. ಆದರೆ ಅದು ಆಕಸ್ಮಿಕವೂ ಇರಬಹುದು ಅನ್ನುವ ಅಂಚಿನಲ್ಲೇ ನಿಂತಿತು. ಅದನ್ನು ಅವರೇ ಒಪ್ಪಿ ಬರೆದಿದ್ದಾರೆ. ವಿಶ್ವ ಬ್ಯಾಂಕಿನ ವಿಷಯ ನಿಜ, ಅದನ್ನು ಮುಚ್ಚಿಟ್ಟಿಲ್ಲ.

ಸಂಡೂರು_ಕೆಮ್ಮಣ್ಣು:
ಎಪಿಎಲ್ ಲೆಕ್ಕ ನನಗೆ ಗೊತ್ತಿರಲಿಲ್ಲ, ಅದು ಒಳ್ಳೇ ಪಾಯಿಂಟು. ಆದರೂ ಒಂದು ಕೇಳ್ತೀನಿ ಮೇಷ್ಟ್ರೇ. ಆಸ್ಪತ್ರೆಗೆ ಹೋದವರು ಜಾಸ್ತಿ ಆದರು ಅನ್ನೋದೇ ಖಚಿತ ಇಲ್ಲ, ಸಾವು ಮಾತ್ರ ಅಷ್ಟು ಇಳಿಯಿತು. ಹೇಗೆ ಸಾಧ್ಯ?

ಲೆಕ್ಕದಮೇಷ್ಟ್ರು_ಕುಷ್ಟಗಿ:
ಎಷ್ಟು ಜನ ಹೋದರು ಅನ್ನೋದು ಒಂದು, ಯಾವಾಗ ಹೋದರು, ಎಲ್ಲಿಗೆ ಹೋದರು ಅನ್ನೋದು ಇನ್ನೊಂದು. ಅದೇ ತಂಡದವರ ಎರಡನೇ ಲೇಖನ 2016ರಲ್ಲಿ ಬಂತು. ಯೋಜನೆ ಇದ್ದ ಕಡೆ ಜನ ರೋಗದ ಲಕ್ಷಣ ಕಂಡಾಗ ಡಾಕ್ಟರ ಹತ್ತಿರ ಹೋಗೋದು ಹೆಚ್ಚಿತ್ತು. ಆಪರೇಷನ್ ಆದಮೇಲೆ ಸೋಂಕು ಕಡಿಮೆ, ಮತ್ತೆ ಆಸ್ಪತ್ರೆ ಸೇರೋದೂ ಕಡಿಮೆ. ಅಂದರೆ ತಡ ಮಾಡದೆ ಹೋದರು, ಸ್ವಲ್ಪ ಒಳ್ಳೇ ಆಸ್ಪತ್ರೆಗೇ ಹೋದರು ಅಂತ ಅರ್ಥ ಮಾಡಬಹುದು. 64 ಅನ್ನೋ ಅಂಕಿ ಅಷ್ಟೇ ಇರಬೇಕು ಅಂತ ನಾನೂ ಪಟ್ಟು ಹಿಡಿಯಲ್ಲ. ಸಾವು ಇಳಿದಿದ್ದು ಮಾತ್ರ ನಿಜ ಅನ್ನಿಸುತ್ತೆ.

ಹಳೇಮಿತ್ರ_ರಾಯಚೂರು:
ನಾನು ಆ ಕಾಲದಲ್ಲಿ ಆರೋಗ್ಯಮಿತ್ರ, ಅಂದರೆ ಯೋಜನೆ ಕಡೆಯಿಂದ ರೋಗಿಗಳಿಗೆ ದಾರಿ ತೋರಿಸೋನು, ಆಗಿದ್ದವನು. ಶಿಬಿರ ಹೇಗಿರುತ್ತಿತ್ತು ಅಂತ ಹೇಳ್ತೀನಿ, ಇಲ್ಲಿ ಎಷ್ಟೋ ಜನ ನೋಡಿಲ್ಲ.

ಹಿಂದಿನ ದಿನ ಡಂಗುರ. ಆಮೇಲೆ ಆಟೋಗೆ ಮೈಕ್ ಕಟ್ಟಿ ಸುತ್ತಿಸುತ್ತಿದ್ದೆವು. ಬೆಳಿಗ್ಗೆ ಶಾಲೆ ವರಾಂಡದಲ್ಲಿ ಮೂರು ಬೆಂಚು. ಮೊದಲ ಬೆಂಚಲ್ಲಿ ನಾನು, ಬಿಪಿಎಲ್ ಕಾರ್ಡು ನೋಡಿ ಹೆಸರು ಬರೆಯೋದು. ಎರಡನೇದರಲ್ಲಿ ಬಿಪಿ. ಮೂರನೇದು ತರಗತಿ ಒಳಗೆ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಇಸಿಜಿ. ಕರೆಂಟ್ ಹೋದರೆ ಎಲ್ಲರೂ ಕೂತೇ ಇರಬೇಕು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಒಂದು ಪಟ್ಟಿ ಮಾಡುತ್ತಿದ್ದರು. ಆಂಜಿಯೋಗ್ರಾಂ ಬೇಕಾದವರು ಇಷ್ಟು, ಗಂಟಲಲ್ಲಿ ಗಡ್ಡೆ ಇರೋರು ಇಷ್ಟು. ಅವರನ್ನು ಆಸ್ಪತ್ರೆಯವರೇ ಗಾಡಿ ಮಾಡಿ ಕರೆದುಕೊಂಡು ಹೋಗುತ್ತಿದ್ದರು. ಪರೀಕ್ಷೆ ಮಾಡಿ, ಯೋಜನೆ ನಡೆಸುತ್ತಿದ್ದ ಟ್ರಸ್ಟಿಂದ ಅನುಮತಿ ತಗೊಂಡು, ಆಪರೇಷನ್ ಮಾಡಿ, ವಾಪಸ್ ಕಳಿಸೋದು.

ಆಸ್ಪತ್ರೆಯವರು ಧರ್ಮಕ್ಕೆ ಮಾಡಲಿಲ್ಲ. ಕೇಸು ಸಿಕ್ಕಷ್ಟು ಅವರಿಗೆ ಪ್ಯಾಕೇಜ್ ದುಡ್ಡು. ಬೇಡದ ಸ್ಟೆಂಟ್ ಹಾಕ್ತಾರೆ ಅಂತ ದೂರೂ ಇದ್ದವು, ಸುಳ್ಳು ಅನ್ನಲ್ಲ. ಆದರೆ ಅವರ ದುರಾಸೆಯಿಂದಲೇ ಗಾಡಿ ಹಳ್ಳಿಗೆ ಬರುತ್ತಿತ್ತು. "ನನಗೇನಾಗಿದೆ, ಬಿಸಿಲಿಗೆ ಸುಸ್ತು" ಅಂತಿದ್ದ ಮುದುಕರ ಇಸಿಜಿ ಅಲ್ಲೇ ಆಗುತ್ತಿತ್ತು.

ಈಗಿನ ವ್ಯವಸ್ಥೆಯಲ್ಲಿ ಮೊದಲು ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗೋದಾದರೆ ಅಲ್ಲೇ. ಆಗದಿದ್ದರೆ ರೆಫರಲ್ ಚೀಟಿ, ಆಮೇಲೆ ಪಟ್ಟಿಯಲ್ಲಿರೋ ಖಾಸಗಿ ಆಸ್ಪತ್ರೆ. ಸರ್ಕಾರಿ ಆಸ್ಪತ್ರೆ ಬೆಳೆಯಲಿ, ದುಡ್ಡು ಅಲ್ಲೇ ಉಳಿಯಲಿ ಅಂತ ಮಾಡಿದ್ದು. ಉದ್ದೇಶ ಕೆಟ್ಟದ್ದಲ್ಲ. ಆದರೆ ಹುಡುಕಿಕೊಂಡು ಬರುತ್ತಿದ್ದವರಿಗೆ ಬರುವ ಕಾರಣವೇ ಹೋಯಿತು. ಎಡದಂಡೆಯವರ ಪ್ರಶ್ನೆಗೆ ನನ್ನ ಉತ್ತರ: ಎರಡೂ ಬೇಕಿತ್ತು, ಒಂದನ್ನು ಬಿಟ್ಟರು.

ಜೋಳದರೊಟ್ಟಿ_ಸಿಂಧನೂರು:
ಚೀಟಿ ವಿಷಯ ಬಂದದ್ದಕ್ಕೆ ಬರೀತಿದ್ದೇನೆ. ನಮ್ಮ ಮಾವನವರಿಗೆ ಶನಿವಾರ ಸಂಜೆ ಎದೆನೋವು. ನೇರ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಕೌಂಟರಲ್ಲಿ "ರೆಫರಲ್ ಇಲ್ಲದೆ ಕಾರ್ಡು ನಡೆಯಲ್ಲ, ಸೋಮವಾರ ಚೀಟಿ ತನ್ನಿ, ಈಗ ಅಡ್ವಾನ್ಸ್ ಕಟ್ಟಿ" ಅಂದರು. ಬಂಗಾರ ಅಡ ಇಟ್ಟು ಕಟ್ಟಿದೆವು. ಈಗ ಮಾವ ಆರಾಮಾಗಿದ್ದಾರೆ. ಬಂಗಾರ ಇನ್ನೂ ಬಿಡಿಸಿಲ್ಲ. ಇದು ರೂಲ್ಸಾ ಅಥವಾ ನಮಗೆ ಟೋಪಿ ಹಾಕಿದ್ದಾ?

ನೈಟ್‌ಡ್ಯೂಟಿ_ಅಕ್ಕ:
ರೂಲ್ಸ್ ಅಲ್ಲ ತಂಗಿ. ತುರ್ತು ಚಿಕಿತ್ಸೆಗೆ ರೆಫರಲ್ ಬೇಕಿಲ್ಲ. ಪಟ್ಟಿಯಲ್ಲಿ ತುರ್ತಿನದೇ ಒಂದು ಬೇರೆ ವಿಭಾಗ ಇದೆ, 4ಎ ಅಂತಾರೆ. ಹೃದಯಾಘಾತ ಅದರಲ್ಲಿ ಬರುತ್ತೆ. ನೇರ ಹೋಗಬಹುದು. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿ ಇರಬೇಕು ಅಷ್ಟೇ. ಅಲ್ಲಿ ಆರೋಗ್ಯಮಿತ್ರ ಎಲ್ಲಿ ಕೂರುತ್ತಾರೆ ಅಂತ ಮೊದಲು ಕೇಳಿ, ಬಿಲ್ಲಿಂಗ್ ಕೌಂಟರಿಗೆ ಆಮೇಲೆ ಹೋಗಿ. ಇಲ್ಲ ಅಂದರೆ ಅಲ್ಲೇ ನಿಂತು 104ಕ್ಕೆ ಫೋನ್ ಮಾಡಿ. ಕೌಂಟರಿನವರ ಮುಂದೆ ಮಾಡಿದರೆ ಇನ್ನೂ ಒಳ್ಳೇದು, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ. ಬಿಲ್ಲು, ಡಿಸ್ಚಾರ್ಜ್ ಸಮರಿ ಇದ್ದರೆ ಈಗಲೂ ದೂರು ಕೊಡಿ.

ಆದರೆ ನಾನು ಇನ್ನೊಂದು ಹೇಳಬೇಕು. ನಾನು ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಎದೆನೋವು ಅಂದರೆ ನಮ್ಮ ಗೇಟ್ ದಾಟಿಕೊಂಡೇ ಜನ ದೊಡ್ಡ ಊರಿಗೆ ಓಡ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ತಾಲ್ಲೂಕು ಆಸ್ಪತ್ರೆಗಳಿಗೆ ಬಂದಿದೆ. ನಾವು ಇಸಿಜಿ ತೆಗೆದು ಆನ್‌ಲೈನ್‌ನಲ್ಲಿ ಕಳಿಸ್ತೀವಿ. ಹಬ್ ಅನ್ನೋ ದೊಡ್ಡ ಆಸ್ಪತ್ರೆಯ ಹೃದಯ ತಜ್ಞರು ನೋಡಿ ಹೇಳ್ತಾರೆ. ದೊಡ್ಡ ಹೃದಯಾಘಾತ ಅಂತ ಖಚಿತ ಆದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ನಮ್ಮಲ್ಲೇ ಕೊಡೋದು. ಹೊರಗೆ ಅದಕ್ಕೆ ಹತ್ತಾರು ಸಾವಿರ, ಇಲ್ಲಿ ಉಚಿತ. ತೂಕ ನೋಡಿ ಒಂದೇ ಸಲ ಕೊಟ್ಟರೆ ಆಯಿತು, ಡ್ರಿಪ್ಪಿನಲ್ಲಿ ಗಂಟೆಗಟ್ಟಲೆ ಬಿಡೋದಿಲ್ಲ. ಅದು ರಕ್ತನಾಳದಲ್ಲಿ ಕಟ್ಟಿದ ಗಡ್ಡೆ ಕರಗಿಸುತ್ತೆ. ಆಮೇಲೆ ಆಂಬುಲೆನ್ಸಲ್ಲಿ ಮುಂದಕ್ಕೆ ಕಳಿಸ್ತೀವಿ.

ಇದರಲ್ಲಿ ಎಲ್ಲಾ ಇರೋದು ಹೊತ್ತಿನ ಮೇಲೆ. ಮೊದಲ ಒಂದೆರಡು ಗಂಟೆಯಲ್ಲಿ ಬಂದರೆ ಲಾಭ ಜಾಸ್ತಿ, 12 ಗಂಟೆ ದಾಟಿದರೆ ಬಹುತೇಕ ಪ್ರಯೋಜನ ಇಲ್ಲ. ಗ್ಯಾಸ್ ಅಂತ ಸೋಡಾ ಕುಡಿದು, ಮೆಡಿಕಲ್ ಶಾಪಿಂದ ಗುಳಿಗೆ ತಿಂದು, ರಾತ್ರಿ ಮಲಗಿ, ಬೆಳಿಗ್ಗೆ ಬರ್ತಾರೆ. ಸಕ್ಕರೆ ಕಾಯಿಲೆ ಇರೋರಿಗೆ, ಹೆಂಗಸರಿಗೆ ಎದೆನೋವೇ ಬರದೆ ಬರೀ ಬೆವರು, ಸುಸ್ತು, ದವಡೆ ನೋವು ಇರಬಹುದು. ಅಂಥವರು ಇನ್ನೂ ತಡ.

ಸಂಡೂರು_ಕೆಮ್ಮಣ್ಣು:
ಅಕ್ಕಾ, ಇಂಜೆಕ್ಷನ್ ಇದೆ ಸರಿ. ರಾತ್ರಿ ಹನ್ನೊಂದಕ್ಕೆ ಕೊಡೋ ಡಾಕ್ಟರ್ ಇರ್ತಾರಾ? ನಮ್ಮ ಕಡೆ ಡಿಎಂಎಫ್, ಅಂದರೆ ಗಣಿ ಊರುಗಳಿಗೆ ಅಂತ ಇರೋ ಜಿಲ್ಲಾ ಖನಿಜ ನಿಧಿ, ಆ ದುಡ್ಡಲ್ಲಿ ಕಟ್ಟಡ ಏಳ್ತಾವೆ. ಟೈಲ್ಸ್ ಹೊಳೀತಾವೆ. ಒಳಗೆ ಕುರ್ಚಿ ಖಾಲಿ.

ನೈಟ್‌ಡ್ಯೂಟಿ_ಅಕ್ಕ:
ಡ್ಯೂಟಿ ಡಾಕ್ಟರ್ ಇರ್ತಾರೆ. ಫಿಜಿಷಿಯನ್ ಎಲ್ಲಾ ಕಡೆ ಇಲ್ಲ, ಅದು ನಿಜ. ಈ ಯೋಜನೆಯ ಜಾಣತನವೇ ಅದು ನೋಡಿ, ತಜ್ಞರು ಫೋನಿನ ಆಚೆ ಇರ್ತಾರೆ, ಕೊಡೋಕೆ ಎಂಬಿಬಿಎಸ್ ಡಾಕ್ಟರ್ ಸಾಕು. ಆದರೆ ರೆಫರಲ್ ಚೀಟಿಯ ರಗಳೆಗೂ ಕಾರಣ ನೀವು ಹೇಳಿದ್ದೇ. ಮೂಳೆ ಡಾಕ್ಟರೇ ಇಲ್ಲದ ಆಸ್ಪತ್ರೆಗೆ ಮೂಳೆ ಮುರಿದವರು ಬಂದು, ಚೀಟಿಗಾಗಿ ದಿನಗಟ್ಟಲೆ ಕೂರೋದು ನೋಡಿದ್ದೀನಿ.

ಕೃಷ್ಣೆತುಂಗೆ_ರಾಯಚೂರು:
ಎಲ್ಲರೂ ಮೂಲ ಬಿಟ್ಟು ಮಾತಾಡ್ತಿದ್ದೀರಿ. ನಮಗೆ ಏಮ್ಸ್ ಬೇಕು. 2022ರ ಮೇ 13ರಿಂದ ಇಲ್ಲಿ ಧರಣಿ ಕೂತಿದ್ದಾರೆ. 2025ರ ಫೆಬ್ರವರಿಗೇ ಸಾವಿರ ದಿನ ದಾಟಿತು. ಐಐಟಿ ಧಾರವಾಡಕ್ಕೆ ಹೋಯಿತು. ಕೇಂದ್ರವೇ 2018ರಲ್ಲಿ ರಾಯಚೂರು, ಯಾದಗಿರಿ ಎರಡನ್ನೂ ಹಿಂದುಳಿದ ಜಿಲ್ಲೆ ಅಂತ ಆರಿಸಿ "ಮಹತ್ವಾಕಾಂಕ್ಷಿ" ಅಂತ ಹೆಸರಿಟ್ಟಿತು. ಆಕಾಂಕ್ಷೆ ನಮ್ಮದು, ಆಸ್ಪತ್ರೆ ಮಂದಿಯದು. ಇವತ್ತಿಗೂ ಕ್ಯಾನ್ಸರ್ ಅಂದರೆ ಹೈದರಾಬಾದ್ ಬಸ್ಸು. ಜೇಬಿಂದಲೇ ದುಡ್ಡು. ಶಿಬಿರ, ಚೀಟಿ ಅಂತ ಚಿಕ್ಕ ಚಿಕ್ಕದಕ್ಕೆ ಜಗಳಾಡಿದರೆ ದೊಡ್ಡದು ಯಾವತ್ತೂ ಬರಲ್ಲ.

ಎಡದಂಡೆ_ಕಾರಟಗಿ:
ಏಮ್ಸ್ ಬೇಡ ಅಂತ ಇಲ್ಲಿ ಯಾರೂ ಅಂದಿಲ್ಲ ಸರ್. ಬರಲಿ. ಕಲಬುರಗಿಗೆ ಜಯದೇವ ಹೃದ್ರೋಗ ಆಸ್ಪತ್ರೆ ಬಂತು, 2024ರ ಡಿಸೆಂಬರಲ್ಲಿ ಉದ್ಘಾಟನೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ 371 ಹಾಸಿಗೆ. ಒಳ್ಳೇದೇ ಆಯಿತು. ಆದರೆ ದೇವದುರ್ಗದ ಒಂದು ತಾಂಡಾದಲ್ಲಿ ಇರೋರಿಗೆ ತನ್ನ ಎದೆಯಲ್ಲಿ ತೊಂದರೆ ಇದೆ ಅಂತಲೇ ಗೊತ್ತಿಲ್ಲದಿದ್ದರೆ, ಆ 371ರಲ್ಲಿ ಅವರಿಗೆ ಒಂದು ಹಾಸಿಗೆ ಹೇಗೆ ಸಿಗುತ್ತೆ? ನಾನು ಕೇಳ್ತಿರೋದು ಆ ಮೊದಲ ಹೆಜ್ಜೆ.

ಕೃಷ್ಣೆತುಂಗೆ_ರಾಯಚೂರು:
ದೊಡ್ಡ ಆಸ್ಪತ್ರೆ ಇದ್ದರೆ ಡಾಕ್ಟರು ಇಲ್ಲೇ ತಯಾರಾಗ್ತಾರೆ, ಇಲ್ಲೇ ಉಳೀತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಖಾಲಿ ಕುರ್ಚಿಗೂ ಅಲ್ಲಿಂದಲೇ ಜನ ಬರಬೇಕು. ಇಷ್ಟು ಹೇಳಿ ಬಿಡ್ತೀನಿ.

ಮಾಡರೇಟರ್:
ಮೇಲಿನ ಎರಡು ಕಾಮೆಂಟಿನ ಕೆಳಗೆ ಬಂದ ಪಕ್ಷದ ಜಗಳ ತೆಗೆದಿದ್ದೇನೆ. ಯಾರ ಸರ್ಕಾರ ಏನು ಮಾಡಿತು ಅಂತ ಬರೆಯಿರಿ, ಯಾರ ಅಪ್ಪ ಏನು ಮಾಡಿದ ಅಂತ ಬೇಡ.

ಕೌಲ್‌ಬಜಾರ್_ಬಳ್ಳಾರಿ:
ಕಾರ್ಡು, ಹಾಸಿಗೆ, ಚೀಟಿ ಎಲ್ಲಾ ಸರಿ. ಒಳಗೆ ಕೊಡೋ ಔಷಧಿ ಬಗ್ಗೆ ಯಾರೂ ಮಾತಾಡಲಿಲ್ಲ. 2024ರ ನವೆಂಬರ್ ಮರೆತುಬಿಟ್ಟಿರಾ? ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐದು ಜನ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹೋದರು. ಹೊಟ್ಟೆ ಹೊಲಿದು ಹೊರಗೆ ತಂದಾಗ ಚೆನ್ನಾಗಿಯೇ ಇದ್ದವರು, ಆಮೇಲೆ ಕಿಡ್ನಿ ನಿಂತಿತು, ಬೇರೆ ಅಂಗಾಂಗಗಳೂ ಕೈಕೊಟ್ಟವು. ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿ ಮೇಲೆ ಅನುಮಾನ ಬಂತು. ಔಷಧ ನಿಯಂತ್ರಕರನ್ನು ಅಮಾನತು ಮಾಡಿದರು. ಆ ಕೂಸುಗಳಿಗೆ ಈಗ ಅಜ್ಜಿಯರೇ ತಾಯಿ. ನಮ್ಮ ಓಣಿಯಲ್ಲಿ ಆಮೇಲೆ ಎಷ್ಟೋ ದಿನ ಹೆಂಗಸರು ಸರ್ಕಾರಿ ಆಸ್ಪತ್ರೆಗೆ ಹೆರಿಗೆಗೆ ಹೋಗೋಕೆ ಹೆದರಿದರು. ಸಾಲ ಮಾಡಿ ಖಾಸಗಿಗೆ ಹೋದರು.

ನೈಟ್‌ಡ್ಯೂಟಿ_ಅಕ್ಕ:
ಮರೆತಿಲ್ಲ ಅಕ್ಕಾ. ಆ ವಾರ ವಾರ್ಡಿನಲ್ಲಿ ಒಂದು ಬಾಟಲಿ ಚುಚ್ಚೋಕೂ ನಮ್ಮ ಕೈ ನಡುಗುತ್ತಿತ್ತು. ಬೆಳಕಿಗೆ ಹಿಡಿದು ಒಳಗೆ ಏನಾದರೂ ತೇಲ್ತಿದೆಯಾ ನೋಡಬಹುದು, ಬ್ಯಾಚ್ ನಂಬರ್ ಬರೆದುಕೊಳ್ಳಬಹುದು. ಕಣ್ಣಿಗೆ ಕಾಣದ್ದನ್ನು ನರ್ಸ್ ಹೇಗೆ ಕಂಡುಹಿಡಿಯಬೇಕು? ಅದು ಲ್ಯಾಬಿನ ಕೆಲಸ, ಬಾಟಲಿ ನಮ್ಮ ಕೈಗೆ ಬರೋ ಮುಂಚೆ ಆಗಬೇಕಾದ್ದು.

ಅದಾದ ಮೇಲೆ ಒಂದು ಒಳ್ಳೇ ಕೆಲಸ ಆಯಿತು. ರಾಜ್ಯದ ಎಲ್ಲಾ ತಾಯಂದಿರ ಸಾವುಗಳನ್ನು ಒಂದೊಂದಾಗಿ ತೆಗೆದು ನೋಡಿದರು. 2024ರ ಏಪ್ರಿಲಿಂದ ಡಿಸೆಂಬರ್‌ವರೆಗೆ 464 ಸಾವು. ಅದರಲ್ಲಿ ಶೇ 70ಕ್ಕೂ ಹೆಚ್ಚು ತಪ್ಪಿಸಬಹುದಾಗಿತ್ತು ಅಂತ ವರದಿ ಬಂತು. ಡ್ರಿಪ್ಪಿನ ಸಾವು ಸುದ್ದಿ ಆಯಿತು, ಆಗಬೇಕಾದ್ದೇ. ಆದರೆ ಉಳಿದವರಲ್ಲಿ ಜಾಸ್ತಿ ಜನ ಹೋಗೋದು ರಕ್ತಸ್ರಾವ, ಬಿಪಿ, ಸೋಂಕು ಇಂಥ ಹಳೇ ಕಾರಣಕ್ಕೆ. ಟಿವಿಯಲ್ಲಿ ಬರಲ್ಲ.

ಲೆಕ್ಕದಮೇಷ್ಟ್ರು_ಕುಷ್ಟಗಿ:
ರಕ್ತಸ್ರಾವದ ಬಗ್ಗೆ ಒಂದು ಸೇರಿಸಲಾ? ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ 80 ಆಸ್ಪತ್ರೆಗಳಲ್ಲಿ ಮಾಡಿದ ಇ-ಮೋಟಿವ್ ಅನ್ನೋ ಪ್ರಯೋಗ 2023ರಲ್ಲಿ ಪ್ರಕಟ ಆಯಿತು. ಹೆರಿಗೆ ಆದ ತಕ್ಷಣ ತಾಯಿಯ ಕೆಳಗೆ ಗೆರೆ ಹಾಕಿದ ಒಂದು ಪ್ಲಾಸ್ಟಿಕ್ ಚೀಲ ಇಡೋದು. ಎಷ್ಟು ರಕ್ತ ಹೋಯಿತು ಅಂತ ಗೆರೆಯೇ ಹೇಳುತ್ತೆ. ಮಿತಿ ದಾಟಿದರೆ ಮಸಾಜು, ಔಷಧಿ, ಡ್ರಿಪ್, ಪರೀಕ್ಷೆ ಎಲ್ಲಾ ಒಟ್ಟಿಗೆ ಶುರು. ತೀವ್ರ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮ ಶೇ 4.3 ಇದ್ದದ್ದು ಶೇ 1.6ಕ್ಕೆ ಇಳಿಯಿತು. ಹೊಸ ಔಷಧಿ ಒಂದೂ ಇಲ್ಲ. ಕಣ್ಣಂದಾಜು ಬಿಟ್ಟು ಅಳೆದರು.

ನೈಟ್‌ಡ್ಯೂಟಿ_ಅಕ್ಕ:
ಹೌದು ಮೇಷ್ಟ್ರೇ, ಕಣ್ಣಂದಾಜಿಗೆ ಯಾವಾಗಲೂ ಕಡಿಮೆಯೇ ಕಾಣೋದು. ಬಟ್ಟೆ ಹೀರಿಕೊಂಡಿರುತ್ತೆ.

ಗುಲಾಬಿಸೀರೆ_ದೇವದುರ್ಗ:
ಎಲ್ಲರೂ ಶಿಬಿರ ಎಲ್ಲಿ ಅಂತ ಕೇಳ್ತಿದ್ದೀರಿ. ಶಿಬಿರ ಈಗ ನಾವೇ ರೀ, ಆಶಾ ಕಾರ್ಯಕರ್ತೆಯರು. ಗೃಹ ಆರೋಗ್ಯ ಅಂತ ಬಂದಿದೆ. 2024ರಲ್ಲಿ ಕೋಲಾರದಲ್ಲಿ ಶುರು ಮಾಡಿ ಆಮೇಲೆ ಎಲ್ಲಾ ಕಡೆ ತಂದರು. 30 ದಾಟಿದವರ ಮನೆಗೇ ಹೋಗಿ ಬಿಪಿ, ಶುಗರು, ಬಾಯಿ ಕ್ಯಾನ್ಸರು ಎಲ್ಲಾ ಸೇರಿ 14 ಕಾಯಿಲೆ ನೋಡಬೇಕು. ಯೋಜನೆ ಚೆನ್ನಾಗಿದೆ. ನನ್ನ ಪಟ್ಟಿಯಲ್ಲಿ ತನಗೆ ಬಿಪಿ ಇದೆ ಅಂತಲೇ ಗೊತ್ತಿಲ್ಲದವರು ಎಷ್ಟೋ ಮಂದಿ ಸಿಕ್ಕರು.

ಆದರೆ ನಮ್ಮ ಕಡೆ ಗುಳೆ ಇದೆಯಲ್ಲ. ದೀಪಾವಳಿ ಮುಗೀತು ಅಂದರೆ ಬೆಂಗಳೂರಿನ ಬಿಲ್ಡಿಂಗ್ ಕೆಲಸಕ್ಕೆ, ಪುಣೆಗೆ, ಮುಂಬೈಗೆ ಹೊರಟರು. ನಾನು ರಿಜಿಸ್ಟರ್ ಹಿಡಿದು ಹೋದರೆ ಮನೆಗೆ ಬೀಗ. ಕಟ್ಟೆ ಮೇಲೆ ಒಬ್ಬ ಅಜ್ಜಿ, ಎರಡು ಮಕ್ಕಳು. ಅಜ್ಜಿಗೆ ಬಿಪಿ ನೋಡಿ ಬರೆದುಕೊಂಡು ಬರ್ತೀನಿ. ನಿಜವಾಗಿ ನೋಡಬೇಕಾದ ನಲವತ್ತರ ಗಂಡಸು ಯಾವುದೋ ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿ ಸಿಮೆಂಟು ಹೊರ್ತಿರ್ತಾನೆ. ಆ್ಯಪಿನಲ್ಲಿ "ಮನೆ ಬೀಗ" ಅಂತ ಹಾಕಿದರೆ ಮೇಲಿನವರು "ಟಾರ್ಗೆಟ್ ಯಾಕೆ ಆಗಿಲ್ಲ" ಅಂತ ನನ್ನನ್ನೇ ಕೇಳ್ತಾರೆ.

ಹೋದ ಉಗಾದಿಗೆ ಬಂದವರಲ್ಲಿ ಒಬ್ಬರಿಗೆ ಬಿಪಿ 180 ಇತ್ತು. ಒಂದು ತಿಂಗಳ ಗುಳಿಗೆ ಕೊಡಿಸಿದೆ. ಜಾತ್ರೆ ಮುಗಿಸಿ ವಾಪಸ್ ಹೋದರು. ಗುಳಿಗೆ ಮುಗಿದ ಮೇಲೆ ಏನು ಮಾಡಿದರೋ ದೇವರೇ ಬಲ್ಲ. ಅದಕ್ಕೇ ಈಗ ನಾನು ಒಂದು ಮಾಡ್ತೀನಿ. ಗುಳೆ ಹೋಗೋರಿಗೆ ಗುಳಿಗೆ ಚೀಟಿಯ ಫೋಟೋ ಅವರ ಮೊಬೈಲಲ್ಲೇ ತೆಗೆದು ಕೊಡ್ತೀನಿ, "ಬೆಂಗಳೂರಲ್ಲಿ ನಮ್ಮ ಕ್ಲಿನಿಕ್ ಅಂತ ಬೋರ್ಡ್ ಇರುತ್ತೆ, ಇದನ್ನ ತೋರಿಸಿ, ಗುಳಿಗೆ ಪುಕ್ಕಟೆ" ಅಂತ ಹೇಳಿ ಕಳಿಸ್ತೀನಿ. ಕೆಲವರು ಹೋಗಿದ್ದಾರೆ, ಸಿಕ್ಕಿದೆ. ಕೆಲವರಿಗೆ ಕ್ಲಿನಿಕ್ ತೆರೆದಿರೋ ಹೊತ್ತಿಗೆ ಮೇಸ್ತ್ರಿ ಬಿಡಲ್ಲ.

ನಮ್ಮ ಸಂಬಳದ ಮಾತು ಬೇಡ ಅಂದುಕೊಂಡಿದ್ದೆ, ಆದರೂ ಹೇಳ್ತೀನಿ. 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಕೂತು ತಿಂಗಳಿಗೆ 10 ಸಾವಿರ ಖಾತ್ರಿ ಮಾತು ತಗೊಂಡು ಬಂದೆವು. 14 ಕಾಯಿಲೆ ಹುಡುಕೋರಿಗೆ ಅದು ಜಾಸ್ತಿಯಾ ಕಡಿಮೆಯಾ ನೀವೇ ಹೇಳಿ.

ಹಳೇಮಿತ್ರ_ರಾಯಚೂರು:
ಅಕ್ಕಾರ, ನೀವು ಹೇಳಿದ್ದರಲ್ಲೇ ಉತ್ತರ ಇದೆ. ಹುಡುಕೋ ಕೆಲಸ ನಿಮಗೆ ಕೊಟ್ಟರು. ಆದರೆ ಆಗ ನಮ್ಮ ಹಿಂದೆ ಗಾಡಿ ನಿಂತಿರುತ್ತಿತ್ತು. ನಿಮ್ಮ ಹಿಂದೆ ಗಾಡಿ ಇಲ್ಲ.

ಗುಲಾಬಿಸೀರೆ_ದೇವದುರ್ಗ:
ಹೌದ್ರಿ. ಬಾಯಲ್ಲಿ ಬಿಳಿ ಕಲೆ ಇತ್ತು ಒಬ್ಬರಿಗೆ, ಗುಟ್ಕಾ ತಿನ್ನೋರು. "ಜಿಲ್ಲಾ ಆಸ್ಪತ್ರೆಗೆ ಹೋಗಿ" ಅಂದೆ. ಒಂದು ದಿನದ ಕೂಲಿ ಹೋಗುತ್ತೆ ಅಂತ ಇನ್ನೂ ಹೋಗಿಲ್ಲ. ನಾನು ಎಷ್ಟು ಸಲ ಹೇಳಲಿ?

ಟಿಬಿದೂ ಇದೇ ಕಥೆ. ಪೌಷ್ಟಿಕ ಊಟಕ್ಕೆ ಅಂತ ಸರ್ಕಾರದಿಂದ ತಿಂಗಳಿಗೆ 500 ಬರುತ್ತಿದ್ದದ್ದು 2024ರ ನವೆಂಬರಿಂದ ಸಾವಿರ ಮಾಡಿದ್ದಾರೆ. ಅದು ರೋಗಿಗೆ. ಮನೆಯಲ್ಲಿ ಆರು ಜನ ತಿನ್ನೋರು. ಒಬ್ಬರಿಗೆ ಅಂತ ತಂದ ಬೇಳೆ ಒಬ್ಬರೇ ತಿನ್ನೋಕಾಗುತ್ತಾ?

ಲೆಕ್ಕದಮೇಷ್ಟ್ರು_ಕುಷ್ಟಗಿ:
ನೀವು ಕೇಳಿದ ಪ್ರಶ್ನೆಯನ್ನೇ ಜಾರ್ಖಂಡ್‌ನಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಮಂಗಳೂರಿನ ಯೇನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಅವರ ತಂಡ. ರೇಷನ್ಸ್ ಅಂತ ಅಧ್ಯಯನದ ಹೆಸರು. 2,800 ಟಿಬಿ ರೋಗಿಗಳು, ಅವರ ಮನೆಯ 10,345 ಜನ. ಎಲ್ಲಾ ರೋಗಿಗಳಿಗೂ ಆಹಾರದ ಕಿಟ್ ಕೊಟ್ಟರು. ಅರ್ಧ ಕಡೆ ಮನೆಯವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, 1.5 ಕಿಲೋ ಬೇಳೆ, ಜೊತೆಗೆ ಜೀವಸತ್ವದ ಮಾತ್ರೆ. ಹಾಗೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಟಿಬಿ ಬಂದದ್ದು ಶೇ 39 ಕಡಿಮೆ. ಬೇರೆಯವರಿಗೆ ಅಂಟುವಂಥ ಶ್ವಾಸಕೋಶದ ಟಿಬಿ ಶೇ 48 ಕಡಿಮೆ. 2023ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಅಕ್ಕಿ, ಬೇಳೆಯೇ ಲಸಿಕೆ ಮಾಡುವಷ್ಟು ಕೆಲಸ ಮಾಡಿತು.

ಗುಲಾಬಿಸೀರೆ_ದೇವದುರ್ಗ:
ಟಿಬಿ ರೋಗಿಗಳಿಗೆ ದಾನಿಗಳು ಕೊಡೋ ನಿಕ್ಷಯ್ ಮಿತ್ರ ಆಹಾರದ ಕಿಟ್ಟಿನಲ್ಲಿ ಈಗ ಮನೆಯವರನ್ನೂ ಸೇರಿಸಿದ್ದಾರೆ ಮೇಷ್ಟ್ರೇ. ಆದರೆ ಕೊಡೋ ದಾನಿ ಸಿಕ್ಕರೆ. ಪಟ್ಟಣದಲ್ಲಿ ಸಿಗ್ತಾರೆ, ಫೋಟೋ ತೆಗೆಸಿಕೊಳ್ತಾರೆ. ನಮ್ಮ ತಾಂಡಾಕ್ಕೆ ಯಾರು ಬರ್ತಾರೆ?

ಸಂಡೂರು_ಕೆಮ್ಮಣ್ಣು:
ಡಿಎಂಎಫ್ ದುಡ್ಡು ಇದಕ್ಕೆ ಹಾಕಬಹುದಲ್ವಾ? ಆರೋಗ್ಯಕ್ಕೆ ಆದ್ಯತೆ ಅಂತ ಅದರ ನಿಯಮದಲ್ಲೇ ಇದೆ. ಗಣಿ ಧೂಳು ತಿಂದ ಎದೆಗೆ ಟಿಬಿ ಬೇಗ ಹತ್ತುತ್ತೆ. ಇನ್ನೊಂದು ಕಮಾನು ಕಟ್ಟೋ ಬದಲು ಬೇಳೆ ಕೊಡಲಿ. ಈ ಸಲ ಗ್ರಾಮಸಭೆಯಲ್ಲಿ ನಾನು ಇದನ್ನೇ ಕೇಳೋದು.

ಎಡದಂಡೆ_ಕಾರಟಗಿ:
ನಾನು ಕೇಳಿದ್ದು ಒಂದು, ಸಿಕ್ಕಿದ್ದು ಹತ್ತು. ನಾನು ಅಂದುಕೊಂಡಿರೋದು ಹೀಗೆ. ನಮ್ಮ ಹೋಬಳಿಗೆ ಶಿಬಿರ ಬೇಕು ಅಂತ ಅರ್ಜಿ ಕೊಡೋಣ. ಆಶಾ ಅಕ್ಕಂದಿರು ಈಗಾಗಲೇ ಹುಡುಕಿಟ್ಟಿರೋ ಪಟ್ಟಿ ಇದೆ. ಆ ಪಟ್ಟಿಯವರನ್ನೇ ಕರೆದು ತೋರಿಸಿ, ಚೀಟಿ ಅಲ್ಲೇ ಬರೆದು, ಅಲ್ಲಿಂದಲೇ ಗಾಡಿ. ತಾಲ್ಲೂಕು ಆರೋಗ್ಯಾಧಿಕಾರಿ, ಟಿಎಚ್‌ಒಗೆ ಕೊಟ್ಟರೆ ಸಾಕಾ?

ನೈಟ್‌ಡ್ಯೂಟಿ_ಅಕ್ಕ:
ಜಿಲ್ಲಾ ಆರೋಗ್ಯಾಧಿಕಾರಿ, ಡಿಎಚ್‌ಒಗೆ ಕೊಡಿ, ಒಂದು ಪ್ರತಿ ಟಿಎಚ್‌ಒಗೆ. ರೆಫರಲ್ ಬರೆಯೋ ಅಧಿಕಾರ ಇರೋ ಡಾಕ್ಟರೇ ಬರಬೇಕು ಅಂತ ಅರ್ಜಿಯಲ್ಲಿ ಸ್ಪಷ್ಟ ಹಾಕಿ. ಇಲ್ಲದಿದ್ದರೆ ಬಿಪಿ ನೋಡಿ, ಬಾಳೆಹಣ್ಣು ಹಂಚಿ ಹೋಗ್ತಾರೆ.

ಗುಲಾಬಿಸೀರೆ_ದೇವದುರ್ಗ:
ಉಗಾದಿ ವಾರದಲ್ಲಿ ಇಡಿಸಿ. ಗುಳೆ ಹೋದವರು ಊರಲ್ಲಿ ಇರೋದು ಆವಾಗಲೇ. ದೀಪಾವಳಿ ಆದಮೇಲೆ ಇಟ್ಟರೆ ಮತ್ತೆ ಅಜ್ಜಿಯರ ಬಿಪಿಯೇ.

ಸಂಡೂರು_ಕೆಮ್ಮಣ್ಣು:
ಎಕೋ ಮಷಿನ್ನೂ ಬರಬೇಕು ಅಂತ ಬರೆಯಿರಿ ಅಣ್ಣಾ. ಮತ್ತೆ ಜನರೇಟರ್. ಕರೆಂಟ್ ಹೋದರೆ ಶಾಲೆ ವರಾಂಡದಲ್ಲಿ ಎಲ್ಲರೂ ಕೂತೇ ಇರಬೇಕಾಗುತ್ತೆ. ಅರ್ಜಿ ಬರೆದಾದ ಮೇಲೆ ಇಲ್ಲೇ ಹಾಕಿ, ಸಂಡೂರಿಗೂ ಅದನ್ನೇ ಹೆಸರು ಬದಲಿಸಿ ಕೊಡ್ತೀನಿ.